ಹತ್ತೊಂಬತ್ತು ಲಕ್ಷ ಜನರ ದೇಶದಲ್ಲೊಂದು ಸ್ಪೋರ್ಟ್ಸ್ ಚಾನೆಲ್

ಕಳೆದ ವರ್ಷದ ಫೆಸ್ಟ್‌ನಲ್ಲಿ ಇಂಟರ್-ಬ್ರಾಂಚ್ ಕ್ರಿಕೆಟ್ ಫೈನಲ್‌ನ ಲೈವ್ ಸ್ಟ್ರೀಮ್ ನೋಡಿದವರಿಗೆ ನೆನಪಿರುತ್ತೆ. ಕನ್ನಡದಲ್ಲಿ ಕಾಮೆಂಟರಿ ಕೊಟ್ಟಿದ್ದು ನಾವೇ. ಸ್ಕ್ರೀನ್ ಮೇಲೆ ಬೌಲರ್ ಇನ್ನೂ ರನ್-ಅಪ್ ಶುರು ಮಾಡ್ತಿದ್ದಾನೆ, ಅಷ್ಟರಲ್ಲಿ ನಮ್ಮ ಧ್ವನಿ "ಬೌಲ್ಡ್! ನಡುವಿನ ಸ್ಟಂಪ್ ಎಗರಿ ಹೋಯ್ತು!" ಅಂತ ಕೂಗುತ್ತೆ. ಮೂರು ಸೆಕೆಂಡ್ ಆದ್ಮೇಲೆ ಸ್ಟಂಪ್ ಎಗರುತ್ತೆ. ಚಾಟ್‌ನಲ್ಲಿ ನಮಗೆ 'ಜ್ಯೋತಿಷಿಗಳು' ಅಂತ ಹೆಸರು ಬಿತ್ತು. ಇವತ್ತಿಗೂ ಮೆಸ್‌ನಲ್ಲಿ ಕೆಲವರು ಕೈ ಚಾಚಿ ಇಂಟರ್ನಲ್ಸ್ ಮಾರ್ಕ್ಸ್ ಎಷ್ಟು ಬರುತ್ತೆ ಹೇಳಿ ಅಂತಾರೆ.

ಈ ವರ್ಷ ಬ್ಯಾಸ್ಕೆಟ್‌ಬಾಲ್ ಫೈನಲ್‌ಗೆ ನಾವು ಒಂದು ಬೇಡಿಕೆ ಇಟ್ಟೆವು. ಇಂಗ್ಲಿಷ್ ಕಾಮೆಂಟರಿ ಇರಲಿ, ಪಕ್ಕದಲ್ಲೇ ಕನ್ನಡವೂ ಇರಲಿ, ಬೇಕಾದವರು ಬೇಕಾದ್ದನ್ನು ಆರಿಸಿಕೊಳ್ಳಲಿ ಅಂತ. ಸ್ಟ್ರೀಮಿಂಗ್ ನೋಡಿಕೊಳ್ಳುವ ಸೀನಿಯರ್ ನಕ್ಕರು. "ಎರಡು ಭಾಷೆಗೆ ಬ್ಯಾಂಡ್‌ವಿಡ್ತ್ ಎಲ್ಲಿದೆ ಕಣ್ರೋ? ಅಷ್ಟಕ್ಕೂ ಕೇಳೋರು ಎಷ್ಟು ಜನ?"

ಎರಡು ಪ್ರಶ್ನೆಗೂ ಆ ಕ್ಷಣ ನಮ್ಮ ಹತ್ತಿರ ಉತ್ತರ ಇರಲಿಲ್ಲ. ರೂಮಿಗೆ ಬಂದು ಮೊದಲು ಎರಡನೆಯದನ್ನು ಹಿಡಿದೆವು. ಎಷ್ಟು ಕಡಿಮೆ ಜನ ಇದ್ದರೂ ತಮ್ಮದೇ ಭಾಷೆಯಲ್ಲಿ ಸ್ಪೋರ್ಟ್ಸ್ ಟಿವಿ ನಡೆಸೋರು ಯಾರಾದ್ರೂ ಇದ್ದಾರಾ? ಹುಡುಕುತ್ತಾ ಹೋಗಿ ನಿಂತಿದ್ದು ಯುರೋಪಿನ ಬಾಲ್ಟಿಕ್ ಸಮುದ್ರದ ದಡದಲ್ಲಿ, ಲಾಟ್ವಿಯಾದಲ್ಲಿ.

ಟಿವಿ6 ಅಂದ್ರೆ ಏನು

ಲಾಟ್ವಿಯಾದ ಒಟ್ಟು ಜನಸಂಖ್ಯೆ ಸುಮಾರು 19 ಲಕ್ಷ. 2011ರ ಜನಗಣತಿಯ ಬೆಂಗಳೂರಿನ ಕಾಲು ಭಾಗ ಕೂಡ ಅಲ್ಲ. ಅದರಲ್ಲೂ ಎಲ್ಲರ ಮನೆಮಾತು ಲಾಟ್ವಿಯನ್ ಅಲ್ಲ, ರಷ್ಯನ್ ಮಾತಾಡೋರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅದೇ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ಹೋಲಿಕೆ ನೀವೇ ಮಾಡಿಕೊಳ್ಳಿ.

ಇಷ್ಟು ಸಣ್ಣ ದೇಶದಲ್ಲಿ 2007ರಲ್ಲಿ ಟಿವಿ6 ಅನ್ನೋ ಮನರಂಜನೆ ಮತ್ತು ಕ್ರೀಡೆಯ ಚಾನೆಲ್ ಶುರುವಾಯ್ತು. ಶುರು ಮಾಡಿದ್ದು ಸ್ವೀಡನ್ನಿನ ಮಾಡರ್ನ್ ಟೈಮ್ಸ್ ಗ್ರೂಪ್. ಆ ಕಂಪನಿಗೆ ಅಲ್ಲಿ 1998ರಿಂದಲೇ ಟಿವಿ3 ಇತ್ತು, ಟಿವಿ6 ಅದರ ತಮ್ಮ ಇದ್ದ ಹಾಗೆ. ಇದೇ ಹೆಸರಿನ ಚಾನೆಲ್‌ಗಳು ಸ್ವೀಡನ್‌ನಲ್ಲೂ, ಪಕ್ಕದ ಲಿಥುವೇನಿಯಾ, ಎಸ್ಟೋನಿಯಾಗಳಲ್ಲೂ ಬಂದವು. 2017ರಲ್ಲಿ ಬಾಲ್ಟಿಕ್ ದೇಶಗಳ ವ್ಯಾಪಾರವನ್ನು ಆ ಕಂಪನಿ ಬೇರೆ ಹೂಡಿಕೆದಾರರಿಗೆ ಮಾರಿತು. ಯಜಮಾನರ ಕತೆ ಇಷ್ಟು ಸಾಕು.

ಮನರಂಜನೆ ಮತ್ತು ಕ್ರೀಡೆ ಯಾಕೆ ಒಂದೇ ಚಾನೆಲ್‌ನಲ್ಲಿ? ನಮಗೆ ಮೊದಲು ವಿಚಿತ್ರ ಅನ್ನಿಸ್ತು, ನಮ್ಮಲ್ಲಿ ಎರಡೂ ಬೇರೆ ಬೇರೆ ಅಲ್ವಾ. ಯೋಚಿಸಿದ್ರೆ ಲೆಕ್ಕ ಸರಿಯಾಗಿದೆ. ಇಪ್ಪತ್ತನಾಲ್ಕು ಗಂಟೆ ತುಂಬುವಷ್ಟು ಪಂದ್ಯಗಳ ಹಕ್ಕು ಕೊಳ್ಳಲು ಸಣ್ಣ ಮಾರುಕಟ್ಟೆಗೆ ಆಗೋದಿಲ್ಲ. ಮ್ಯಾಚ್ ಇರುವ ಸಂಜೆ ಮ್ಯಾಚ್, ಉಳಿದ ಹೊತ್ತಿಗೆ ಹೊರದೇಶದಿಂದ ಕೊಂಡ ಸೀರಿಯಲ್ಲು ಸಿನಿಮಾ. ಒಂದೇ ಕಟ್ಟೆಯ ಮೇಲೆ ಬೆಳಿಗ್ಗೆ ಹೂವು, ಸಂಜೆ ತರಕಾರಿ ಮಾರೋ ಹಾಗೆ.

ಧ್ವನಿ ಅಲ್ಲಿ ಹಗುರದ ವಿಷಯ ಅಲ್ಲ

ಲಾಟ್ವಿಯಾ 1940ರಲ್ಲಿ ಸೋವಿಯೆತ್ ಒಕ್ಕೂಟದ ಕೈಗೆ ಹೋಯ್ತು. 1989ರ ಜನಗಣತಿ ಹೊತ್ತಿಗೆ ಲಾಟ್ವಿಯನ್ನರು ತಮ್ಮದೇ ನೆಲದಲ್ಲಿ ಶೇಕಡಾ 52ಕ್ಕೆ ಇಳಿದಿದ್ದರು. 1990ರ ಮೇ ತಿಂಗಳಲ್ಲಿ ಸ್ವಾತಂತ್ರ್ಯವನ್ನು ಮರಳಿ ಪಡೆಯುತ್ತೇವೆ ಅಂತ ಘೋಷಿಸಿದರು. 1991ರ ಜನವರಿ 13ರಂದು ಪಕ್ಕದ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸೋವಿಯೆತ್ ಸೈನ್ಯ ಟಿವಿ ಟವರ್‌ಗೇ ನುಗ್ಗಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ಸುದ್ದಿ ಕೇಳಿ ರೀಗಾದಲ್ಲಿ ಜನ ಬೀದಿಗಿಳಿದರು. ಲಾರಿ, ಟ್ರ್ಯಾಕ್ಟರ್, ಮರದ ದಿಮ್ಮಿ, ಕಾಂಕ್ರೀಟ್ ಬ್ಲಾಕ್ ತಂದು ಅಡ್ಡ ಇಟ್ಟರು. ಅವರು ಕಾದಿದ್ದು ಸಂಸತ್ತನ್ನು ಮಾತ್ರ ಅಲ್ಲ, ರೇಡಿಯೋ ಕಟ್ಟಡವನ್ನೂ, ದೌಗಾವಾ ನದಿಯ ನಡುವಿನ ಜಾಕ್ಯುಸಾಲ ದ್ವೀಪದಲ್ಲಿರುವ ಟಿವಿ ಕೇಂದ್ರ ಮತ್ತು ಟವರನ್ನೂ ಕಾದರು. ಜಾಕ್ಯುಸಾಲ ಅಂದ್ರೆ ಮೊಲದ ದ್ವೀಪ. ಆ ಟವರ್ 368 ಮೀಟರ್ ಎತ್ತರ, ಐರೋಪ್ಯ ಒಕ್ಕೂಟದಲ್ಲೇ ಅತಿ ಎತ್ತರದ್ದು. ಜನವರಿಯ ಚಳಿಯಲ್ಲಿ ಬೆಂಕಿ ಹಾಕ್ಕೊಂಡು, ಟೀ ಕುಡ್ಕೊಂಡು ಟ್ರಾನ್ಸ್‌ಮಿಟರ್ ಕಾದ ಜನ ಅವರು.

ಆಮೇಲೆ 1999ರಲ್ಲಿ ಬಂದ ಅವರ ರಾಜ್ಯಭಾಷಾ ಕಾನೂನು, ಹೊರಭಾಷೆಯ ಸಿನಿಮಾಗಳನ್ನು ಸಾರ್ವಜನಿಕವಾಗಿ ತೋರಿಸುವಾಗ ಲಾಟ್ವಿಯನ್ ಧ್ವನಿಯೋ ಸಬ್‌ಟೈಟಲ್ಲೋ ಇರಬೇಕು ಅಂತು. ಸೀನಿಯರ್ ಕೇಳಿದ 'ಕೇಳೋರು ಎಷ್ಟು ಜನ' ಅನ್ನೋ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ಎಷ್ಟಿದ್ದಾರೋ ಅಷ್ಟು ಜನಕ್ಕೆ.

ಈಗ ಬ್ಯಾಂಡ್‌ವಿಡ್ತ್

ಲಾಟ್ವಿಯಾ 2010ರ ಜೂನ್ 1ಕ್ಕೆ ಅನಲಾಗ್ ಟಿವಿ ನಿಲ್ಲಿಸಿತು. ಆಮೇಲೆ ಗಾಳಿಯಲ್ಲಿ ಬರೋದೆಲ್ಲ ಡಿವಿಬಿ-ಟಿ, ವಿಡಿಯೋ ಎಂಪೆಗ್-4. ಯುರೋಪಿನ ಈ ಪದ್ಧತಿಯಲ್ಲಿ ಒಂದು 8 ಮೆಗಾಹರ್ಟ್ಸ್ ಜಾಗದಲ್ಲಿ ಎಷ್ಟು ಬಿಟ್ ಹೋಗುತ್ತೆ ಅಂತ ನಾವೇ ಲೆಕ್ಕ ಹಾಕೋಣ. ಇಸಿ ಬ್ರಾಂಚಿನವರಿಗೆ ಇದು ಮುಂದಿನ ಸೆಮ್‌ಗಳಲ್ಲಿ ಹೇಗೂ ಬರುತ್ತೆ, ಉಳಿದವರು ಗುಣಾಕಾರ ಬಂದ್ರೆ ಸಾಕು.

8ಕೆ ಮೋಡ್ ತಗೊಳ್ಳಿ. ಡೇಟಾ ಹೊರುವ ಕ್ಯಾರಿಯರ್‌ಗಳು 6048. ಮಾಡ್ಯುಲೇಶನ್ 64-ಕ್ವಾಮ್, ಅಂದ್ರೆ ಒಂದೊಂದು ಕ್ಯಾರಿಯರ್ ಮೇಲೆ 6 ಬಿಟ್. ಒಂದು ಸಿಂಬಲ್‌ಗೆ 36,288 ಬಿಟ್. ಇಷ್ಟೂ ನಮ್ಮದಲ್ಲ. ಗಾಳಿಯಲ್ಲಿ ಆಗೋ ತಪ್ಪು ತಿದ್ದಲು 2/3ರ ಕೋಡ್ ಹಾಕಿದ್ರೆ ಉಳಿಯೋದು 24,192. ಅದರ ಮೇಲೆ ರೀಡ್-ಸಾಲಮನ್ ಕೋಡ್, 188 ಬೈಟಿಗೆ 16 ಬೈಟ್ ಸೇರಿಸಿ 204 ಮಾಡುತ್ತೆ. ಅದನ್ನೂ ಕಳೆದ್ರೆ ಸುಮಾರು 22,295 ಬಿಟ್. ಒಂದು ಸಿಂಬಲ್‌ನ ಕಾಲ 896 ಮೈಕ್ರೋಸೆಕೆಂಡ್, ಪ್ರತಿಧ್ವನಿಗಳು ಒಂದರ ಮೇಲೊಂದು ಬೀಳದ ಹಾಗೆ ಬಿಡೋ ಗಾರ್ಡ್ ಇಂಟರ್ವಲ್ 1/32 ಸೇರಿದ್ರೆ 924. ಭಾಗಿಸಿ. ಸೆಕೆಂಡಿಗೆ 24.13 ಮೆಗಾಬಿಟ್. ಪುಸ್ತಕದ ಟೇಬಲ್‌ನಲ್ಲಿ ಇರೋದೂ ಇದೇ ಸಂಖ್ಯೆ. ರಾತ್ರಿ ಒಂದೂವರೆಗೆ ಈ ಉತ್ತರ ಬಂದಾಗ ನಾವು ಪಕ್ಕದ ರೂಮಿನವರನ್ನ ಎಬ್ಬಿಸಿದ್ದೆವು. ಅವರಿಗೆ ಅಷ್ಟೇನೂ ಖುಷಿ ಆಗಲಿಲ್ಲ.

ಈ ಪೈಪಿನೊಳಗೆ ಹಲವು ಚಾನೆಲ್‌ಗಳು ಒಟ್ಟಿಗೆ ಹರಿಯುತ್ತವೆ, 188 ಬೈಟಿನ ಸಣ್ಣ ಪ್ಯಾಕೆಟ್‌ಗಳಾಗಿ. ಪ್ರತಿ ಪ್ಯಾಕೆಟ್‌ನ ತಲೆಯಲ್ಲಿ 13 ಬಿಟ್‌ನ ಒಂದು ಗುರುತಿನ ಸಂಖ್ಯೆ, ಪಿಐಡಿ. ವಿಡಿಯೋಗೆ ಒಂದು ಪಿಐಡಿ, ಆಡಿಯೋಗೆ ಬೇರೆ ಪಿಐಡಿ. ಯಾವ ಪಿಐಡಿ ಏನು ಅಂತ ಹೇಳೋಕೆ ಪ್ರೋಗ್ರಾಂ ಮ್ಯಾಪ್ ಟೇಬಲ್ ಅನ್ನೋ ಪಟ್ಟಿ ಆಗಾಗ ಬರ್ತಾ ಇರುತ್ತೆ. ಆಡಿಯೋದ ಸಾಲಿನಲ್ಲಿ ಭಾಷೆ ಹೇಳೋಕೆ ಮೂರೇ ಅಕ್ಷರ. ಲಾಟ್ವಿಯನ್‌ಗೆ ಎಲ್, ಎ, ವಿ. ರಷ್ಯನ್‌ಗೆ ಆರ್, ಯು, ಎಸ್. ಐಎಸ್‌ಒ 639ರ ಅದೇ ಪಟ್ಟಿಯಲ್ಲಿ ಕನ್ನಡವೂ ಇದೆ: ಕೆ, ಎ, ಎನ್. ರಿಮೋಟ್‌ನಲ್ಲಿ ಭಾಷೆಯ ಬಟನ್ ಒತ್ತಿದಾಗ ಟಿವಿ ಮಾಡೋದು ಇಷ್ಟೇ, ಆ ಪಿಐಡಿ ಬಿಟ್ಟು ಈ ಪಿಐಡಿ ಎತ್ಕೊಳ್ಳುತ್ತೆ. ವಿಡಿಯೋವನ್ನು ಮುಟ್ಟೋದೇ ಇಲ್ಲ.

ಹಾಗಾದ್ರೆ ಇನ್ನೊಂದು ಭಾಷೆಯ ತೂಕ ಎಷ್ಟು? ಒಂದು ಎಚ್‌ಡಿ ಸ್ಪೋರ್ಟ್ಸ್ ಚಾನೆಲ್‌ನ ವಿಡಿಯೋ 8 ಮೆಗಾಬಿಟ್ ಅಂತ ಇಟ್ಕೊಳ್ಳಿ. ಸ್ಟೀರಿಯೋ ಆಡಿಯೋ ಒಂದಕ್ಕೆ 192 ಕಿಲೋಬಿಟ್. ಭಾಗಿಸಿದ್ರೆ ಶೇಕಡಾ 2.4. ನೂರು ರೂಪಾಯಿ ಟಿಕೆಟ್‌ಗೆ ಎರಡೂವರೆ ರೂಪಾಯಿಗಿಂತ ಕಡಿಮೆ.

ಸಬ್‌ಟೈಟಲ್ ವಿಷಯ ಇನ್ನೂ ಚೆನ್ನಾಗಿದೆ. ಹಳೆ ಟೆಲಿಟೆಕ್ಸ್ಟ್‌ನಲ್ಲಿ ಅಕ್ಷರಗಳ ಪಟ್ಟಿ ಸ್ಥಿರ, ಲಾಟ್ವಿಯನ್-ಲಿಥುವೇನಿಯನ್ ಅಕ್ಷರಗಳಿಗೆ ಅದರಲ್ಲಿ ಬೇರೆಯೇ ಒಂದು ಗುಂಪು ಮಾಡಬೇಕಾಯ್ತು. ಡಿವಿಬಿ ಸಬ್‌ಟೈಟಲ್ ಹೋಗೋದು ಅಕ್ಷರವಾಗಿ ಅಲ್ಲ, ಚಿತ್ರವಾಗಿ. ಹಾಗಾಗಿ 'ರಾಷ್ಟ್ರೀಯ' ಅನ್ನೋ ಪದದ ಒತ್ತಕ್ಷರ ಕಿತ್ತುಹೋಗುತ್ತೆ, ಟಿವಿಯಲ್ಲಿ ಫಾಂಟ್ ಇಲ್ಲ ಅನ್ನೋ ನೆಪ ಅಲ್ಲಿ ನಡೆಯೋದಿಲ್ಲ.

ಪಕ್ ಹಿಂದೆ ಓಡುವ ಬಿಟ್‌ಗಳು

ನಿಜಕ್ಕೂ ಬ್ಯಾಂಡ್‌ವಿಡ್ತ್ ತಿನ್ನೋದು ಆಟ. ಲಾಟ್ವಿಯಾದಲ್ಲಿ ಆಟ ಅಂದ್ರೆ ಮೊದಲು ಐಸ್ ಹಾಕಿ, ನಮಗೆ ಕ್ರಿಕೆಟ್ ಇದ್ದ ಹಾಗೆ. 2023ರ ಮೇ 28ರಂದು ವಿಶ್ವ ಚಾಂಪಿಯನ್‌ಶಿಪ್‌ನ ಮೂರನೇ ಸ್ಥಾನದ ಪಂದ್ಯದಲ್ಲಿ ಅವರು ಅಮೆರಿಕವನ್ನು ಓವರ್‌ಟೈಮ್‌ನಲ್ಲಿ 4-3ರಿಂದ ಸೋಲಿಸಿದರು. ಕೊನೆಯ ಗೋಲು ಕ್ರಿಸ್ಟಿಯಾನ್ಸ್ ರುಬಿನ್ಸ್ ಅವರದ್ದು, ಪಂದ್ಯವನ್ನು ಸಮ ಮಾಡಿದ ಮೂರನೇ ಗೋಲೂ ಅವರದ್ದೇ. ಅದು ದೇಶದ ಮೊದಲ ಪದಕ. ಅವತ್ತು ಮಧ್ಯರಾತ್ರಿ ಸಂಸತ್ತು ಸೇರಿ ಮಾರನೇ ದಿನ ರಜೆ ಅಂತ ನಿರ್ಣಯ ಮಾಡಿತು! ನಮ್ಮ ಕಾಲೇಜಿನಲ್ಲಿ ಫೆಸ್ಟ್ ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಲ್ಯಾಬ್ ಇಡ್ತಾರೆ, ಇರಲಿ.

ಹಾಕಿಯ ಪಕ್ ಕಪ್ಪು ರಬ್ಬರಿನ ಬಿಲ್ಲೆ, ಅಗಲ 7.6 ಸೆಂಟಿಮೀಟರ್. ರಿಂಕ್ 60 ಮೀಟರ್ ಉದ್ದ. ಕ್ಯಾಮೆರಾ ಅರ್ಧ ರಿಂಕ್ ತೋರಿಸ್ತಿದ್ರೆ 30 ಮೀಟರ್‌ಗೆ 1920 ಪಿಕ್ಸೆಲ್, ಅಂದ್ರೆ ಮೀಟರಿಗೆ 64. ಪಕ್ಕಿಗೆ ಸಿಗೋದು ಐದೇ ಪಿಕ್ಸೆಲ್. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಅದು 83 ಸೆಂಟಿಮೀಟರ್ ದಾಟಿರುತ್ತೆ. ವಿಡಿಯೋ ಕಂಪ್ರೆಷನ್ ನಡೆಯೋದೇ 'ಹಿಂದಿನ ಫ್ರೇಮಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ' ಅನ್ನೋ ನಂಬಿಕೆ ಮೇಲೆ. ಸೀರಿಯಲ್‌ನಲ್ಲಿ ಇಬ್ಬರು ಸೋಫಾ ಮೇಲೆ ಕೂತು ಜಗಳ ಆಡುವಾಗ ಆ ನಂಬಿಕೆ ಸರಿ. ಹಾಕಿಯಲ್ಲಿ ಆಟಗಾರರು, ಕ್ಯಾಮೆರಾ, ಹಿಂದಿನ ಪ್ರೇಕ್ಷಕರು ಎಲ್ಲಾ ಓಡ್ತಾ ಇರುತ್ತೆ. ಬಿಟ್ ಸಾಲದಿದ್ರೆ ಎನ್‌ಕೋಡರ್ ಮೊದಲು ಬಲಿ ಕೊಡೋದೇ ಸಣ್ಣ ವಿವರಗಳನ್ನ, ಅಂದ್ರೆ ಪಕ್ಕನ್ನೇ.

ಇದಕ್ಕೆ ಉಪಾಯ ಸ್ಟ್ಯಾಟಿಸ್ಟಿಕಲ್ ಮಲ್ಟಿಪ್ಲೆಕ್ಸಿಂಗ್. ಹಾಸ್ಟೆಲ್‌ನಲ್ಲಿ ಟ್ಯಾಂಕ್ ಒಂದೇ. ರೂಮಿಗಿಷ್ಟು ಬಕೆಟ್ ಅಂತ ಹಂಚಿಬಿಟ್ರೆ ಬಟ್ಟೆ ಒಗೆಯೋನಿಗೆ ಸಾಲಲ್ಲ, ಊರಿಗೆ ಹೋದವನ ಪಾಲು ದಂಡ. ಯಾರಿಗೆ ಈಗ ಬೇಕೋ ಅವರು ತಗೊಳ್ಳಲಿ ಅಂದ್ರೆ ಎಲ್ಲರಿಗೂ ಸಾಕಾಗುತ್ತೆ. ಹಾಗೇ ಒಂದೇ ಮಲ್ಟಿಪ್ಲೆಕ್ಸ್‌ನಲ್ಲಿರೋ ಚಾನೆಲ್‌ಗಳು ಕ್ಷಣಕ್ಷಣಕ್ಕೂ ಬಿಟ್ ಹಂಚಿಕೊಳ್ಳುತ್ತವೆ. ಅಣ್ಣ ಚಾನೆಲ್ ವಾರ್ತೆ ಓದುವಾಗ ತಮ್ಮ ಚಾನೆಲ್ ಪಕ್ ಹಿಂದೆ ಓಡಬಹುದು. ಗಮನಿಸಿ, ಈ ಕಿತ್ತಾಟ ಎಲ್ಲಾ ವಿಡಿಯೋದ್ದು. ಭಾಷೆ ಮೂಲೆಯಲ್ಲಿ ತನ್ನ 192 ಕಿಲೋಬಿಟ್ ಇಟ್ಕೊಂಡು ಸುಮ್ನೆ ಕೂತಿರುತ್ತೆ.

ಮಾತು ಎಲ್ಲಿಂದ ಬರುತ್ತೆ

ಹೊರಗಿನ ಸಿನಿಮಾ-ಸೀರಿಯಲ್‌ಗೆ ಅಲ್ಲಿನ ಚಾನೆಲ್‌ಗಳು ಹೆಚ್ಚಾಗಿ ಪೂರ್ತಿ ಡಬ್ಬಿಂಗ್ ಮಾಡಲ್ಲ. ಮೂಲ ಧ್ವನಿಯನ್ನು ತಗ್ಗಿಸಿ, ಕೆಲವೇ ಕಲಾವಿದರು ಎಲ್ಲಾ ಪಾತ್ರಗಳ ಮಾತನ್ನೂ ಲಾಟ್ವಿಯನ್‌ನಲ್ಲಿ ಓದುತ್ತಾ ಹೋಗ್ತಾರೆ. ನಾಯಕನ ಇಂಗ್ಲಿಷ್ ಅಡಿಯಲ್ಲಿ ಸಣ್ಣಗೆ ಕೇಳ್ತಾನೇ ಇರುತ್ತೆ. ಮೊದಲ ಸಲ ಕೇಳಿದಾಗ ನಮಗೆ ಪಕ್ಕದ ಸೀಟಿನವರು ಕತೆ ಹೇಳ್ತಿದ್ದಾರೇನೋ ಅನ್ನಿಸ್ತು. ತುಟಿಗೆ ಮಾತು ಹೊಂದಿಸೋ ಕೆಲಸ ಇಲ್ಲ, ಕಲಾವಿದರು ಕಡಿಮೆ, ಖರ್ಚು ಕಡಿಮೆ. ನಮ್ಮಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳ ಆಡಿದ್ವಿ, ನಡುವೆ ಇಂಥದ್ದೊಂದು ದಾರಿ ಇದೆ ಅನ್ನೋದು ನಮ್ಮ ತಲೆಗೆ ಬಂದಿರಲಿಲ್ಲ. ನೋಡೋಕೆ ಚೆನ್ನಾಗಿದೆಯಾ? ನಮ್ಮಲ್ಲಿ ಇಬ್ಬರು ಹೌದು ಅಂದ್ರು, ಒಬ್ಬ ಹತ್ತು ನಿಮಿಷಕ್ಕೆ ತಲೆನೋವು ಅಂತ ಎದ್ದುಹೋದ.

ಕ್ರೀಡೆಯಲ್ಲಿ ಕೆಲಸ ಇನ್ನೂ ಅಚ್ಚುಕಟ್ಟು. ದೊಡ್ಡ ಟೂರ್ನಿಯನ್ನು ಒಂದೇ ತಂಡ ಚಿತ್ರೀಕರಿಸಿ ಎಲ್ಲಾ ದೇಶಕ್ಕೂ ಕಳಿಸುತ್ತೆ. ಅದರ ಜೊತೆ ಬರೋ ಧ್ವನಿಯಲ್ಲಿ ಪ್ರೇಕ್ಷಕರ ಗಲಾಟೆ, ಕೋಲಿನ ಟಕಟಕ, ರೆಫರಿಯ ಸೀಟಿ ಇರುತ್ತೆ, ಮಾತು ಇರಲ್ಲ. ಮಾತಿನ ಜಾಗ ಖಾಲಿ ಬಿಟ್ಟೇ ಕಳಿಸ್ತಾರೆ. ಆ ಖಾಲಿ ಜಾಗಕ್ಕೆ ರೀಗಾದ ಸಣ್ಣ ರೂಮಲ್ಲೇ ಇಬ್ಬರು ಮಾನಿಟರ್ ನೋಡ್ತಾ ಲಾಟ್ವಿಯನ್ ತುಂಬಬಹುದು. ಕ್ರೀಡಾಂಗಣಕ್ಕೆ ಹೋಗಲೇಬೇಕು ಅಂತಿಲ್ಲ. ಇದಕ್ಕೆ ಆಫ್-ಟ್ಯೂಬ್ ಕಾಮೆಂಟರಿ ಅಂತಾರೆ.

ಇಲ್ಲೇ ನಮ್ಮ ಜ್ಯೋತಿಷ್ಯದ ಗುಟ್ಟು ಸಿಕ್ಕಿತು. ಕಳೆದ ವರ್ಷ ಕ್ಯಾಮೆರಾ ಆಗಿದ್ದು ಒಂದು ಫೋನು, ಅದರ ಚಿತ್ರ ವೈಫೈ ಮೇಲೆ ಮೂರು ಸೆಕೆಂಡ್ ಬಫರ್ ಆಗಿ ಲ್ಯಾಪ್‌ಟಾಪ್‌ಗೆ ಬರ್ತಿತ್ತು. ನಮ್ಮ ಮೈಕು ಮಾತ್ರ ನೇರ ಲ್ಯಾಪ್‌ಟಾಪ್‌ಗೆ. ನಾವು ನೋಡ್ತಿದ್ದಿದ್ದು ಕಣ್ಣೆದುರಿನ ಮೈದಾನ. ತಪ್ಪು ನಮ್ಮದೇ. ಲ್ಯಾಪ್‌ಟಾಪ್‌ಗೆ ಬಂದ ಚಿತ್ರವನ್ನೇ ನೋಡಿ ಮಾತಾಡಿದ್ದರೆ ಆ ಮೂರು ಸೆಕೆಂಡ್ ತಾನಾಗಿ ಸರಿಹೋಗ್ತಿತ್ತು. ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಬಂದರೇ ಜನರಿಗೆ ಗೊತ್ತಾಗುತ್ತೆ, ಹಿಂದೆ ಬಿದ್ದರೆ 125ರವರೆಗೂ ಗೊತ್ತಾಗಲ್ಲ ಅನ್ನುತ್ತೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಸಹಜವೇ, ಮಿಂಚು ಮೊದಲು ಗುಡುಗು ಆಮೇಲೆ. ನಾವು 3000 ಮಿಲಿಸೆಕೆಂಡ್ ಮುಂಚೆ ಗುಡುಗಿದ್ದೆವು.

ಪದಗಳ ಕಷ್ಟ

ಪೈಪು ಸರಿ, ಸಿಂಕ್ ಸರಿ. ಮೈಕ್ ಮುಂದೆ ಕೂತ್ರೆ ನಿಜವಾದ ಕಷ್ಟ ಶುರು. ಕಬಡ್ಡಿ ಆದ್ರೆ ನಮ್ಮ ಬಾಯಲ್ಲೂ ಕನ್ನಡ ಹರಿಯುತ್ತೆ. ಬ್ಯಾಸ್ಕೆಟ್‌ಬಾಲ್‌ನ ಒಂದು ಮ್ಯಾಚ್ ಮ್ಯೂಟ್ ಮಾಡಿ ಟ್ರಯಲ್ ಮಾಡಿದಾಗ ಐದು ನಿಮಿಷದಲ್ಲಿ ನಮಗೆ ಸಿಕ್ಕ ಕನ್ನಡ ಪದಗಳು: 'ಹೋಗ್ತಿದ್ದಾನೆ', 'ಕೊಟ್ಟ', 'ಹಾಕ್ದ', 'ಅಯ್ಯೋ'. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದು ಅಲ್ಲಿ ಎದ್ದು ಕಾಣ್ತು.

ಲಾಟ್ವಿಯನ್ನರು ಏನು ಮಾಡಿದ್ದಾರೆ ನೋಡಿ. ಪಕ್ಕಿಗೆ 'ರಿಪಾ' ಅಂತಾರೆ, ಬಿಲ್ಲೆ ಅನ್ನೋ ಅರ್ಥದ ಅವರದ್ದೇ ಪದ. ಕೋಲು 'ನೂಯಾ'. ಗೋಲ್‌ಗೆ 'ವಾರ್ತಿ', ಅಂದ್ರೆ ಬಾಗಿಲು. ಗೋಲ್‌ಕೀಪರ್ 'ವಾರ್ತ್‌ಸರ್ಗ್ಸ್', ಬಾಗಿಲು ಕಾಯೋನು. ದೇವಸ್ಥಾನದ ದ್ವಾರಪಾಲಕ! ಅಷ್ಟೊಂದು ಪ್ಯಾಡ್ ಕಟ್ಟಿಕೊಂಡು ನಿಂತವನನ್ನ ನೋಡಿದ್ರೆ ಹೆಸರು ಒಪ್ಪುತ್ತೆ ಕೂಡ. ಆಟದ ಹೆಸರು ಮಾತ್ರ 'ಹೊಕೇಯ್ಸ್', ಅದು ಹೊರಗಿನದು. ಎಲ್ಲವನ್ನೂ ಅನುವಾದ ಮಾಡೋ ಹಟ ಇಲ್ಲ.

ಹೊರಗಿನ ಹೆಸರುಗಳನ್ನೂ ಅವರು ಹಾಗೇ ಬಿಡಲ್ಲ. ಗಂಡಸರ ಹೆಸರಿನ ಕೊನೆಗೆ ಸಾಮಾನ್ಯವಾಗಿ ಒಂದು 'ಸ್' ಸೇರುತ್ತೆ. ವೇಯ್ನ್ ಗ್ರೆಟ್ಸ್‌ಕಿ ಅಲ್ಲಿ ವೇಯ್ನ್ಸ್ ಗ್ರೆಟ್ಸ್‌ಕಿಸ್. ಸಿಡ್ನಿ ಕ್ರಾಸ್‌ಬಿ ಸಿಡ್ನಿಯ್ಸ್ ಕ್ರಾಸ್‌ಬಿಯ್ಸ್, 'ಕ್ರಾಸ್‌ಬಿಗೆ' ಅನ್ನೋಕೆ ಕ್ರಾಸ್‌ಬಿಯಾಮ್. ಇದನ್ನ ಓದಿ ಮೊದಲು ನಕ್ಕೆವು. ಆಮೇಲೆ ನಮ್ಮಜ್ಜಿಯಂದಿರು ಕ್ರಿಕೆಟ್ ನೋಡೋದು ನೆನಪಾಯ್ತು. "ರಾಹುಲ್ಲು ಔಟಾದ್ನಾ?" ಬಸ್ಸು, ಕಾರು, ಬಾಲು, ರಾಹುಲ್ಲು. ಅವರು 'ಸ್' ಹಾಕೋ ಕಡೆ ನಾವು 'ಉ' ಹಾಕ್ತೀವಿ, ಆಮೇಲೆ ಗೆ, ಅನ್ನು, ಇಂದ ಎಲ್ಲಾ ಅದಕ್ಕೇ ಅಂಟುತ್ತೆ. ಸ್ಕೂಲಲ್ಲಿ ಇದನ್ನೇ ತಪ್ಪು ಉಚ್ಚಾರಣೆ ಅಂತ ತಿದ್ದುತ್ತಿದ್ದರು. ಅಲ್ಲಿ ಅದು ವ್ಯಾಕರಣ.

ಕನ್ನಡದಲ್ಲಿ ಪೂರ್ತಿ ಸ್ಪೋರ್ಟ್ಸ್ ಚಾನೆಲ್ ಅಂತ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಬಂದಿದ್ದು 2018ರಲ್ಲಿ. ಲಾಟ್ವಿಯಾದ ಟಿವಿ6ಗೆ ಆಗ ಹನ್ನೊಂದು ವರ್ಷ.

ಸೀನಿಯರ್ ಹತ್ತಿರ ವಾಪಸ್

ಲೆಕ್ಕದ ಹಾಳೆ ತಗೊಂಡು ಹೋದೆವು. ಅವರು ಎಲ್ಲಾ ಓದಿ, 2.4ರ ಕೆಳಗೆ ಗೆರೆ ಎಳೆದು, "ಸರಿ ಇದೆ. ಆದ್ರೆ ನಾವು ಬಳಸೋ ತಾಣ ಒಂದು ಲೈವ್‌ಗೆ ಒಂದೇ ಆಡಿಯೋ ತಗೊಳ್ಳೋದು" ಅಂದರು. ಅಂದ್ರೆ ಕನ್ನಡಕ್ಕೆ ಬೇರೆ ಲೈವ್ ಬೇಕು, ಅದೇ ವಿಡಿಯೋ ಎರಡನೇ ಸಲ ಅಪ್‌ಲೋಡ್ ಆಗಬೇಕು. ಆಗ ಖರ್ಚು ಶೇಕಡಾ 2.4 ಅಲ್ಲ, ಪೂರ್ತಿ ಡಬಲ್. ನಾವು ಮಾಡಿದ ಲೆಕ್ಕ ಸರಿ, ಅವರು ಹೇಳಿದ್ದೂ ಸುಳ್ಳಲ್ಲ.

ಕೊನೆಗೆ ಒಪ್ಪಿದ್ದು ಹೀಗೆ. ಹೊರಗಿನವರಿಗೆ ಮಾಮೂಲಿ ಲೈವ್, ಇಂಗ್ಲಿಷ್‌ನಲ್ಲಿ. ಕ್ಯಾಂಪಸ್ ಒಳಗಿನ ಲ್ಯಾನ್‌ನಲ್ಲಿ ನಮ್ಮದೇ ಸರ್ವರ್ ಇಟ್ಟು ಎಚ್‌ಎಲ್‌ಎಸ್ ಮೂಲಕ ಒಂದು ವಿಡಿಯೋ, ಎರಡು ಆಡಿಯೋ. ಪ್ಲೇಲಿಸ್ಟ್ ಫೈಲಿನಲ್ಲಿ ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡಕ್ಕೊಂದು ಸಾಲು. ವಿಡಿಯೋ 3 ಮೆಗಾಬಿಟ್, ಕನ್ನಡ 96 ಕಿಲೋಬಿಟ್. ಪ್ರೇಕ್ಷಕರ ಸದ್ದು ಎರಡಕ್ಕೂ ಒಂದೇ, ಮಾತು ಬಂದಾಗ ಅದು 12 ಡೆಸಿಬಲ್ ಇಳಿಯುತ್ತೆ, ಅಂದ್ರೆ ಆಂಪ್ಲಿಟ್ಯೂಡ್ ಕಾಲು ಭಾಗ ಆಗುತ್ತೆ. ಕಾಮೆಂಟರಿ ಕೊಡೋರು ಕೋರ್ಟಿಗೆ ಬೆನ್ನು ಹಾಕಿ ಮಾನಿಟರ್ ಮುಂದೆ ಕೂರ್ತಾರೆ. ಇದು ಸೀನಿಯರ್ ಹಾಕಿದ ಷರತ್ತು, ಮಾತಾಡದೆ ಒಪ್ಪಿಕೊಂಡೆವು.

ಪದಗಳ ಪಟ್ಟಿ ಸಂಘದ ರೂಮಿನ ಬೋರ್ಡ್ ಮೇಲಿದೆ. ಪಾಸ್‌ಗೆ 'ದಾಟಿಸಿದ', ಬ್ಲಾಕ್‌ಗೆ 'ತಡೆದ', ಸ್ಟೀಲ್‌ಗೆ 'ಕಿತ್ಕೊಂಡ'. ಡ್ರಿಬಲ್‌ಗೆ ಹಾಸನದ ಗೆಳೆಯ 'ಪುಟಿಸ್ತಾ ಬಂದ' ಅಂದ, ಎಲ್ಲರೂ ಕೂಡಲೇ ಒಪ್ಪಿದರು. ಬ್ಯಾಸ್ಕೆಟ್‌ಗೆ ಬುಟ್ಟಿನೇ. ರೀಬೌಂಡ್‌ಗೆ ಇನ್ನೂ ಏನೂ ಸಿಕ್ಕಿಲ್ಲ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ. ಪಕ್ಕದಲ್ಲೇ ಚಾಕ್‌ಪೀಸ್ ಇಟ್ಟಿದ್ದೀವಿ.